ಹಾಕಿ ನೋಡದೆ ಚಾರಣದ ಬೂಟು ಕೊಳ್ಳುವುದು: ಯಾರಿಗೆ ಯಾವ ದಾರಿ?

ಕುಮಾರಪರ್ವತವನ್ನು ಕುಕ್ಕೆ ಕಡೆಯಿಂದ ಹತ್ತಿ ಅದೇ ದಾರಿಯಲ್ಲಿ ಇಳಿದವರಿಗೆ ಗೊತ್ತು, ಬೂಟಿನ ಪರೀಕ್ಷೆ ನಡೆಯುವುದು ಇಳಿಯುವಾಗ. ಬೂಟು ಅರ್ಧ ಸೆಂಟಿಮೀಟರ್ ಗಿಡ್ಡವಾಗಿದ್ದರೂ ಸಾಕು, ಪ್ರತಿ ಹೆಜ್ಜೆಗೂ ಹೆಬ್ಬೆರಳು ತುದಿಗೆ ಬಡಿಯುತ್ತದೆ. ದಾರಿ ನಡುವಿನ ಭಟ್ಟರ ಮನೆ ಮುಟ್ಟುವ ಹೊತ್ತಿಗೆ ಉಗುರು ತುಡಿಯಲು ಶುರುವಾಗಿರುತ್ತದೆ, ನಾಲ್ಕಾರು ದಿನದಲ್ಲಿ ಕಪ್ಪಾಗುತ್ತದೆ. ಅದಕ್ಕೇ ಬಲ್ಲವರೆಲ್ಲ ಬೂಟನ್ನು ಅಂಗಡಿಯಲ್ಲಿ ಹಾಕಿ ನೋಡಿಯೇ ತಗೊಳ್ಳಿ ಅನ್ನುತ್ತಾರೆ. ಮಾತು ಸರಿ. ಆದರೆ ಸಿದ್ದಾಪುರದಲ್ಲೋ ಶೃಂಗೇರಿಯಲ್ಲೋ ಹಾವೇರಿಯಲ್ಲೋ ಇರುವವರಿಗೆ ಆ ಅಂಗಡಿ ಎಲ್ಲಿದೆ? ಪೇಟೆಯ ಅಂಗಡಿಯಲ್ಲಿ ಶಾಲೆಯ ಶೂ, ಆಫೀಸಿನ ಶೂ, ಹೆಚ್ಚೆಂದರೆ ಓಟದ ಶೂ ಸಿಗುತ್ತದೆ. ಚಾರಣದ ಬೂಟು ಬೇಕೆಂದರೆ ಫೋನಿನಲ್ಲೇ ಆರಿಸಬೇಕು.

ಹಾಗೆ ಆರಿಸಲು ಕೂತವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ನನ್ನ ಸ್ಪೋರ್ಟ್ಸ್ ಶೂ ಎಂಟು ನಂಬರ್, ಬೂಟೂ ಎಂಟೇ ತರಿಸಲೇ? ಪಾದದ ಗಂಟು ಮುಚ್ಚುವಂಥದ್ದೇ ಬೇಕೇ? ಅಮೆಜಾನ್, ಫ್ಲಿಪ್‌ಕಾರ್ಟ್‌ನಲ್ಲಿ ಅಗ್ಗಕ್ಕಿದೆ, ಕಂಪನಿಯ ಸೈಟಿನಲ್ಲಿ ಸಾವಿರ ರೂಪಾಯಿ ಜಾಸ್ತಿ, ಯಾವುದು ವಾಸಿ?

ಅಳೆಯಲು ನಾನು ಇಟ್ಟುಕೊಳ್ಳುವ ಮಾನದಂಡಗಳು ಐದು: ಉದ್ದ, ಅಗಲ, ಹಿಮ್ಮಡಿಯ ಹಿಡಿತ, ನೀವು ನಡೆಯುವ ನೆಲ, ಮತ್ತು ಸರಿಹೋಗದಿದ್ದರೆ ವಾಪಸು ಕೊಡುವ ಸೌಲಭ್ಯ. ಹಾಕಿ ನೋಡದೆ ಕೊಳ್ಳುವವರಿಗೆ ಕೊನೆಯದೇ ಎಲ್ಲಕ್ಕಿಂತ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ರ್ಯಾಂಡು, ಬಣ್ಣ, ರಿಯಾಯಿತಿ ಎಲ್ಲ ಆಮೇಲೆ.

ಮೊದಲು ಕಾಲಿನ ಅಳತೆ

ಸಂಜೆ ಹೊತ್ತು ಅಳೆಯಿರಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಬೆಟ್ಟದಲ್ಲೂ ಹಾಗೇ ಊದುತ್ತದೆ. ಚಾರಣಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಳ್ಳಿ. ಗೋಡೆಗೆ ತಾಗಿಸಿ ನೆಲದ ಮೇಲೆ ಕಾಗದ ಇಟ್ಟು, ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಮೈಭಾರವನ್ನೆಲ್ಲ ಆ ಕಾಲಿನ ಮೇಲೆ ಬಿಟ್ಟು ನಿಲ್ಲಿ. ಬಗ್ಗಿ ನೀವೇ ಗುರುತು ಹಾಕಲು ಹೋದರೆ ಭಾರ ಸರಿದುಬಿಡುತ್ತದೆ, ಮನೆಯವರ ಕೈಗೆ ಪೆನ್ಸಿಲ್ ಕೊಡಿ. ಅತಿ ಉದ್ದದ ಬೆರಳಿನ ತುದಿಗೆ ಗೆರೆ ಎಳೆಯಬೇಕು. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದವಿರುತ್ತದೆ. ಎರಡೂ ಕಾಲು ಅಳೆದು ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ. ಜೊತೆಗೆ ಬೆರಳುಗಳ ಬುಡದಲ್ಲಿ ಪಾದ ಎಲ್ಲಿ ಅತಿ ಅಗಲವೋ ಅಲ್ಲಿನ ಅಳತೆಯನ್ನೂ ಬರೆದಿಟ್ಟುಕೊಳ್ಳಿ. ಎರಡನ್ನೂ ಮಿಲಿಮೀಟರಿನಲ್ಲೇ ಬರೆಯಿರಿ.

ಮಿಲಿಮೀಟರ್ ಏಕೆಂದರೆ ನಂಬರುಗಳನ್ನು ನಂಬುವಂತಿಲ್ಲ. ನಮ್ಮಲ್ಲಿ ಶೂ ಮೇಲೆ ಬರೆಯುವುದು ಹೆಚ್ಚಾಗಿ ಯುಕೆ ನಂಬರು. ಅದರಲ್ಲಿ ಒಂದು ನಂಬರು ಏರಿದರೆ ಉದ್ದ ಸುಮಾರು 8.5 ಮಿ.ಮೀ. ಹೆಚ್ಚುತ್ತದೆ. ಯುರೋಪಿನ ನಂಬರಿನಲ್ಲಿ ಒಂದು ಏರಿದರೆ 6.7 ಮಿ.ಮೀ. ಮಾತ್ರ. ಹಾಗಾಗಿ ಏಳು, ಎಂಟು, ಒಂಬತ್ತು ಎಂದು ಪೂರ್ತಿ ನಂಬರುಗಳಲ್ಲಷ್ಟೇ ಬೂಟು ಮಾಡುವ ಕಂಪನಿಯಲ್ಲಿ ಎರಡು ನಂಬರುಗಳ ನಡುವಿನ ಕಾಲಿನವರು ಸಿಕ್ಕಿಬೀಳುತ್ತಾರೆ: ಒಂದು ಬಿಗಿ, ಇನ್ನೊಂದು ಸಡಿಲ. ಏಳೂವರೆ, ಎಂಟೂವರೆ ಎಂದು ಅರ್ಧ ನಂಬರುಗಳನ್ನೂ ಕೊಡುವ ಕಂಪನಿಯಲ್ಲಿ ಹೆಜ್ಜೆ ನಾಲ್ಕು ಮಿಲಿಮೀಟರಿಗೆ ಇಳಿಯುತ್ತದೆ. ನೋಡದೆ ಕೊಳ್ಳುವವರಿಗೆ ಇದು ಸಣ್ಣ ಅನುಕೂಲವಲ್ಲ, ಅದಕ್ಕಾಗಿ ಐನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಅಮೆರಿಕದ ನಂಬರು ಬೇರೆಯೇ. ಗಂಡಸರ ಶೂಗಳಲ್ಲಿ ಯುಕೆಗಿಂತ ಸುಮಾರು ಒಂದು ಹೆಚ್ಚು, ಹೆಂಗಸರ ಶೂಗಳಲ್ಲಿ ಸುಮಾರು ಎರಡು ಹೆಚ್ಚು, ಕಂಪನಿಯಿಂದ ಕಂಪನಿಗೆ ಅರ್ಧ ನಂಬರಿನ ವ್ಯತ್ಯಾಸ ಇದ್ದೇ ಇರುತ್ತದೆ. ಬರೀ "8" ಎಂದು ಬರೆದಿದ್ದರೆ ಅದು ಯುಕೆಯೋ ಯುಎಸ್ಸೋ ಎಂದು ತಿಳಿಯದೆ ಆರ್ಡರ್ ಒತ್ತಬೇಡಿ. ಕಂಪನಿಯ ಪಟ್ಟಿಯಲ್ಲಿ ಸೆಂಟಿಮೀಟರ್ ಸಾಲು ಇದ್ದರೆ ಅದನ್ನೇ ನೋಡಿ, ಆದರೆ ಅಲ್ಲೂ ಒಂದು ಎಚ್ಚರ ಬೇಕು. ಕೆಲವರು ಅಲ್ಲಿ ಪಾದದ ಉದ್ದ ಬರೆಯುತ್ತಾರೆ, ಕೆಲವರು ಶೂ ಒಳಗಿನ ಉದ್ದ. ಪಾದದ ಉದ್ದವಾದರೆ ನಿಮ್ಮ ಅಳತೆಗೆ ಹೊಂದುವ ನಂಬರನ್ನೇ ತೆಗೆದುಕೊಳ್ಳಬಹುದು. ಒಳಗಿನ ಉದ್ದವಾದರೆ ನಿಮ್ಮ ಅಳತೆಗೆ ಹತ್ತರಿಂದ ಹನ್ನೆರಡು ಮಿ.ಮೀ. ಸೇರಿಸಿ ನೋಡಬೇಕು. ಬೆರಳಿನ ಮುಂದೆ ಅಷ್ಟು ಜಾಗ ಇಳಿಜಾರಿಗೆ ಬೇಕೇ ಬೇಕು.

ಎರಡು ನಂಬರುಗಳ ನಡುವೆ ತೂಗಾಡುತ್ತಿದ್ದೀರಾದರೆ ದೊಡ್ಡದನ್ನೇ ಆರಿಸಿ. ತುಸು ಸಡಿಲವಾದ ಬೂಟನ್ನು ದಪ್ಪ ಕಾಲುಚೀಲ, ಇನ್ನೊಂದು ಇನ್‌ಸೋಲ್ (ಬೂಟಿನೊಳಗೆ ಹಾಸುವ ಮೆತ್ತನೆ ಅಟ್ಟೆ), ಲೇಸು ಕಟ್ಟುವ ರೀತಿ ಇವುಗಳಿಂದ ಸರಿಪಡಿಸಬಹುದು. ಗಿಡ್ಡ ಬೂಟನ್ನು ಯಾವುದರಿಂದಲೂ ಸರಿಪಡಿಸಲಾಗದು. ಹಾಕುತ್ತಾ ಹಾಕುತ್ತಾ ಹಿಗ್ಗುತ್ತದೆ ಎನ್ನುವವರ ಮಾತು ಅರ್ಧ ಮಾತ್ರ ನಿಜ. ಚರ್ಮ ಅಗಲಕ್ಕೆ ಸ್ವಲ್ಪ ಬಿಡುತ್ತದೆ, ಉದ್ದಕ್ಕೆ ಬಿಡುವುದಿಲ್ಲ. ಸಿಂಥೆಟಿಕ್ ಬಟ್ಟೆ ಯಾವ ಕಡೆಗೂ ಅಷ್ಟಾಗಿ ಬಿಡುವುದಿಲ್ಲ.

ಅಗಲದ ತೊಂದರೆ

ನಮ್ಮವರಿಗೆ ಉದ್ದಕ್ಕಿಂತ ಅಗಲವೇ ಹೆಚ್ಚು ಕಾಡುತ್ತದೆ. ಚಿಕ್ಕಂದಿನಿಂದ ಬರಿಗಾಲಲ್ಲೋ ಚಪ್ಪಲಿಯಲ್ಲೋ ಓಡಾಡಿ ಬೆಳೆದವರ ಪಾದ ಬೆರಳುಗಳ ಕಡೆ ಹರಡಿಕೊಂಡಿರುತ್ತದೆ. ಚೆನ್ನೈನಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದಾದ್ಯಂತ ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದು, ಭಾರತೀಯರ ಪಾದ ಪಾಶ್ಚಾತ್ಯರ ಪಾದಕ್ಕಿಂತ ಅಗಲ ಎಂದು ಕಂಡುಕೊಂಡಿತು. ಅದರ ಆಧಾರದ ಮೇಲೆ 'ಭಾ' ಎಂಬ ನಮ್ಮದೇ ಅಳತೆಯ ಕ್ರಮವನ್ನೂ ಸೂಚಿಸಿದೆ. ಹೊರದೇಶದ ಕಂಪನಿಗಳು ತಮ್ಮವರ ಕಾಲಿನ ಅಚ್ಚಿನ ಮೇಲೆ ಮಾಡಿದ ಬೂಟು ಇಲ್ಲಿ ಕಿರುಬೆರಳನ್ನು ಒತ್ತುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಬಹಳ ಮಂದಿ ಮಾಡುವ ಉಪಾಯ ಒಂದು ನಂಬರು ದೊಡ್ಡದು ತೆಗೆದುಕೊಳ್ಳುವುದು. ಅರ್ಧ ನಂಬರಾದರೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಾದರೆ ಬೂಟು ಮಡಚುವ ಜಾಗ ಮತ್ತು ಬೆರಳು ಮಡಚುವ ಜಾಗ ಬೇರೆಬೇರೆಯಾಗುತ್ತವೆ, ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡುತ್ತದೆ, ಹತ್ತುವಾಗ ಅಲ್ಲಿ ನೀರುಗುಳ್ಳೆ ಏಳುತ್ತದೆ. ಮುಂಭಾಗ ಅಗಲವಾಗಿರುವ ಅಚ್ಚಿನ ಬೂಟನ್ನೇ ಹುಡುಕುವುದು ಉತ್ತಮ. ಕೀನ್ ಕಂಪನಿಯ ಬೂಟುಗಳಿಗೆ ಬೆರಳ ಕಡೆ ಧಾರಾಳ ಎಂಬ ಹೆಸರಿದೆ, ಮೆರೆಲ್ ಕೂಡ ಸಾಮಾನ್ಯವಾಗಿ ಒಗ್ಗುತ್ತದೆ. ಸಾಲೊಮನ್, ಲಾ ಸ್ಪೋರ್ಟಿವಾ ಇವು ಕಿರಿದು ಕಾಲಿನವರಿಗೆ ಹೇಳಿಮಾಡಿಸಿದ ಹಾಗಿರುತ್ತವೆ, ಅಗಲ ಕಾಲಿನವರು ಅವನ್ನು ನೋಡದೆ ತರಿಸುವುದು ಬೇಡ.

ಖರೀದಿದಾರರ ವಿಮರ್ಶೆಗಳು ಈ ಒಂದು ವಿಷಯಕ್ಕೆ ನಿಜಕ್ಕೂ ಉಪಯೋಗ. ಐದು ಸ್ಟಾರ್ ಕೊಟ್ಟು "ಸೂಪರ್" ಎಂದವರನ್ನು ಬಿಡಿ, ಮೂರು ಸ್ಟಾರ್ ಕೊಟ್ಟವರನ್ನು ಓದಿ. "ಯಾವಾಗಲೂ ಎಂಟು ಹಾಕುವವನು, ಇದರಲ್ಲಿ ಒಂಬತ್ತು ಬೇಕಾಯಿತು" ಎಂಬ ಮಾತು ನಾಲ್ಕೈದು ಕಡೆ ಸಿಕ್ಕರೆ ಆ ಬೂಟು ಗಿಡ್ಡವೋ ಕಿರಿದೋ ಇದೆ ಎಂದೇ ಅರ್ಥ.

ಯಾವ ಬಗೆಯ ಬೂಟು

ಬೂಟಿನ ಬಗೆ ನಿರ್ಧಾರವಾಗುವುದು ನೆಲದಿಂದ. ಸಾವನದುರ್ಗ, ಸ್ಕಂದಗಿರಿ, ಮಾಕಳಿದುರ್ಗದಂಥ ಒಣ ಬಂಡೆಯ ಬೆಟ್ಟಗಳಿಗೆ, ಭಾನುವಾರದ ಅರ್ಧ ದಿನದ ನಡಿಗೆಗೆ, ಪಾದದ ಗಂಟಿನ ಕೆಳಗೇ ನಿಲ್ಲುವ ಹಗುರ ಟ್ರೇಲ್ ಶೂ ಸಾಕು. ಸೋಲ್ ರಬ್ಬರಿನದಾಗಿರಬೇಕು, ಅಷ್ಟೇ. ನೋಡದೆ ಕೊಳ್ಳಲು ಅತಿ ಸುಲಭವಾದ ಬಗೆಯೂ ಇದೇ, ಏಕೆಂದರೆ ಮೆತ್ತಗಿರುವ ಶೂ ಅಳತೆಯ ಸಣ್ಣ ತಪ್ಪನ್ನು ಕ್ಷಮಿಸುತ್ತದೆ.

ಗಂಟು ಮುಚ್ಚುವ ಮಧ್ಯಮ ಎತ್ತರದ ಬೂಟು ಬೇಕಾಗುವುದು ಬೆನ್ನಿಗೆ ಹತ್ತು ಕಿಲೋ ಚೀಲ ಏರಿಸಿ ಎರಡು ಮೂರು ದಿನ ನಡೆಯುವವರಿಗೆ, ಸಡಿಲ ಕಲ್ಲು, ಬೇರುಗಳ ದಾರಿಗೆ, ಹಿಂದೆ ಕಾಲು ಉಳುಕಿದವರಿಗೆ. ಎತ್ತರವಾದಷ್ಟೂ ಗಂಟಿನ ಮೂಳೆಗೆ ಬೂಟಿನ ಅಂಚು ಒತ್ತುವ ಸಾಧ್ಯತೆ ಹೆಚ್ಚು. ಅದು ಹಾಕಿ ನಡೆದಾಗಲೇ ತಿಳಿಯುವುದರಿಂದ ಇದನ್ನು ತರಿಸುವವರು ವಾಪಸಾತಿಯ ಷರತ್ತನ್ನು ಇನ್ನಷ್ಟು ಗಟ್ಟಿಯಾಗಿ ನೋಡಿಕೊಳ್ಳಬೇಕು. ಪೂರ್ತಿ ಚರ್ಮದ, ಗಡಸು ಸೋಲಿನ ಭಾರದ ಬೂಟನ್ನು ಮಾತ್ರ ಹಾಕಿ ನೋಡದೆ ಕೊಳ್ಳಲೇಬೇಡಿ ಎಂದೇ ಹೇಳುತ್ತೇನೆ. ಅದು ಕಾಲಿಗೆ ಒಗ್ಗಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ವಾಪಸು ಕೊಡುವ ಅವಧಿ ಮುಗಿದಿರುತ್ತದೆ.

ನೀರು ಒಳಗೆ ಬಿಡದ ಪೊರೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ದುಡ್ಡು ಅಲ್ಲೇ ಹೋಗುವುದು. ಗೋರ್‌ಟೆಕ್ಸ್ ಅಥವಾ ಅಂಥದೇ ಪೊರೆ ಇರುವ ಬೂಟಿಗೆ ಬೆಲೆ ಗಣನೀಯವಾಗಿ ಹೆಚ್ಚು. ಹಿಮದ ಮೇಲೆ ನಡೆಯಲು, ಚಳಿಯ ಬೆಳಗ್ಗೆ ಇಬ್ಬನಿಯ ಹುಲ್ಲಿನಲ್ಲಿ ಹೋಗಲು ಅದು ನಿಜಕ್ಕೂ ಬೇಕು. ಚಳಿಗಾಲದಲ್ಲಿ ಉತ್ತರಾಖಂಡದ ಕೇದಾರಕಂಠದಂಥ ಕಡೆ ಹೋಗುವವರು ಅದರಲ್ಲಿ ಉಳಿತಾಯ ಮಾಡಬಾರದು. ನಮ್ಮ ಮಲೆನಾಡಿನ ಮಳೆಗಾಲದ ಕಥೆ ಬೇರೆ. ಕುದುರೆಮುಖದ ದಾರಿಯಲ್ಲಿ ಹಳ್ಳ ದಾಟುವಾಗ ನೀರು ಬೂಟಿನ ಬಾಯಿಂದಲೇ ಒಳಗೆ ಇಳಿಯುತ್ತದೆ. ಪೊರೆಯ ಬೂಟು ಆ ನೀರನ್ನು ಹೊರಗೂ ಬಿಡುವುದಿಲ್ಲ, ಮನೆಗೆ ಬಂದ ಮೇಲೆ ಒಣಗಲು ದಿನಗಳೇ ಬೇಕು. ಅಲ್ಲಿಗೆ ಜಾಲರಿ ಬಟ್ಟೆಯ ಶೂ ಮೇಲು: ಒದ್ದೆಯಾಗುತ್ತದೆ, ಆದರೆ ನೀರು ಹಾಗೇ ಹೊರಗೆ ಹರಿದು ಹೋಗುತ್ತದೆ. ಇಂಬಳದ ಕಾಟಕ್ಕೆ ಎತ್ತರದ ಬೂಟು ಪರಿಹಾರವಲ್ಲ, ಮೊಣಕಾಲಿನವರೆಗೆ ಬರುವ ಇಂಬಳದ ಕಾಲುಚೀಲ ಬೇಕು. ಅದು ಬೂಟಿಗಿಂತ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತದೆ. ಬೂಟಿನೊಳಗೆ ಅದಕ್ಕೂ ಜಾಗ ಬೇಕಾಗುತ್ತದೆ ಎಂಬುದನ್ನು ಅಳೆಯುವಾಗಲೇ ನೆನಪಿಡಿ.

ಪಾಚಿ ಕಟ್ಟಿದ ಕಲ್ಲಿನ ಮೇಲೆ ಯಾವ ಸೋಲೂ ಪೂರ್ತಿ ಹಿಡಿಯುವುದಿಲ್ಲ. ಸೋಲು ತಯಾರಿಸುವ ವೈಬ್ರಮ್ ಕಂಪನಿಯ ಮೆಗಾಗ್ರಿಪ್‌ನಂಥ ಮೆದು ರಬ್ಬರು ಒದ್ದೆ ಕಲ್ಲಿಗೆ ಗಟ್ಟಿ ಪ್ಲಾಸ್ಟಿಕ್ಕಿನಂಥ ಸೋಲಿಗಿಂತ ಎಷ್ಟೋ ವಾಸಿ, ಬದಲಿಗೆ ಬೇಗ ಸವೆಯುತ್ತದೆ. ಒದ್ದೆ ನೆಲದಲ್ಲೇ ಹೆಚ್ಚು ನಡೆಯುವವರು ಸವೆತವನ್ನು ಒಪ್ಪಿಕೊಳ್ಳಬೇಕು.

ಎಲ್ಲಿಂದ ತರಿಸುವುದು

ಮೊದಲನೆಯದು, ಅಮೆಜಾನ್, ಫ್ಲಿಪ್‌ಕಾರ್ಟ್, ಮಿಂತ್ರಾದಂಥ ದೊಡ್ಡ ಮಾರುಕಟ್ಟೆಗಳು. ಆಯ್ಕೆ ಹೆಚ್ಚು, ಬೆಲೆ ಕಡಿಮೆ, ವಿಮರ್ಶೆಗಳು ಬೇಕಾದಷ್ಟು. ಆದರೆ ಒಂದೇ ಬೂಟನ್ನು ಒಂದೇ ಪುಟದಲ್ಲಿ ಹಲವು ಮಾರಾಟಗಾರರು ಮಾರುತ್ತಿರುತ್ತಾರೆ, ವಾಪಸಾತಿಯ ನಿಯಮ ಎಲ್ಲ ಕಡೆ ಒಂದೇ ಇರುವುದಿಲ್ಲ. ಹಣ ವಾಪಸು ಬರುತ್ತದೋ ಬರೀ ಅಳತೆ ಬದಲಿಸಿ ಕೊಡುತ್ತಾರೋ, ಎಷ್ಟು ದಿನದೊಳಗೆ ಎಂಬುದನ್ನು ಆ ಪುಟದಲ್ಲೇ ಓದಿ. ಹಬ್ಬದ ಸೇಲ್ ದಿನಗಳಲ್ಲಿ ನಂಬರುಗಳು ಬೇಗ ಖಾಲಿಯಾಗುತ್ತವೆ, ಬದಲಿಗೆ ಕೇಳಿದಾಗ ನಿಮ್ಮ ನಂಬರು ಉಳಿದಿರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಪಿನ್‌ಕೋಡು. ಪೆಟ್ಟಿಗೆ ನಿಮ್ಮ ಊರಿಗೆ ತಲುಪುತ್ತದೆ ಎಂದಮಾತ್ರಕ್ಕೆ ನಿಮ್ಮ ಊರಿನಿಂದ ಅದನ್ನು ಎತ್ತಿಕೊಂಡು ಹೋಗಲು ಬರುತ್ತಾರೆ ಎಂದಲ್ಲ. ಮಲೆನಾಡಿನ ಒಳಹಳ್ಳಿಗಳಲ್ಲಿ ಹೀಗಾಗುವುದುಂಟು. ಆಗ ನೀವೇ ಅಂಚೆಯಲ್ಲಿ ಕಳಿಸಬೇಕಾಗುತ್ತದೆ. ಅಂಥ ಕಡೆ ಇರುವವರು ಪೇಟೆಯಲ್ಲಿರುವ ಅಣ್ಣನದೋ ಚಿಕ್ಕಮ್ಮನದೋ ವಿಳಾಸಕ್ಕೆ ತರಿಸುವುದು ಸುಲಭ.

ಎರಡನೆಯದು, ಕಂಪನಿಯದೇ ಸೈಟು. ಬೆಲೆ ಸ್ವಲ್ಪ ಹೆಚ್ಚು. ಅಳತೆಯ ಪಟ್ಟಿ ನಂಬುವಂಥದ್ದು, ಎಲ್ಲ ನಂಬರು ಸಿಗುವ ಸಾಧ್ಯತೆ ಹೆಚ್ಚು, ನಕಲಿ ಮಾಲಿನ ಭಯವಿಲ್ಲ. ಏಳೆಂಟು ಸಾವಿರದ ಮೇಲಿನ ಬೂಟಿಗೆ ನಾನು ಇದನ್ನೇ ಹೇಳುವುದು.

ಮೂರನೆಯದು, ಅಂಗಡಿಯೂ ಇದ್ದು ಸೈಟೂ ಇರುವವರು. ಡೆಕಾಥ್ಲಾನ್ ಇದಕ್ಕೆ ದೊಡ್ಡ ಉದಾಹರಣೆ. ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಅಂಗಡಿಗಳಿವೆ, ಅವರ ಕೆಚುವಾ ಬೂಟುಗಳು ಎರಡು ಸಾವಿರದ ಆಸುಪಾಸಿನಿಂದ ಶುರುವಾಗುತ್ತವೆ. ಬೆಂಗಳೂರಿನಲ್ಲೇ ಹುಟ್ಟಿದ ವೈಲ್ಡ್‌ಕ್ರಾಫ್ಟ್‌ಗೂ ಮಳಿಗೆಗಳಿವೆ. ಮದುವೆಗೋ ಆಸ್ಪತ್ರೆಗೋ ಆ ಊರುಗಳಿಗೆ ಹೋಗುವ ಸಂದರ್ಭ ಬಂದರೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಹಾಕಿ ನೋಡಿ, ನಂಬರು ಬರೆದುಕೊಂಡು ಬನ್ನಿ. ಆಮೇಲೆ ಬೇಕಾದಾಗ ಮನೆಯಿಂದ ತರಿಸಬಹುದು. ಒಂದು ಕಂಪನಿಯ ಒಂದು ಬೂಟಿನಲ್ಲಿ ನಿಮ್ಮ ನಂಬರು ಗೊತ್ತಾದರೆ ಅದೇ ಕಂಪನಿಯ ಮುಂದಿನ ಬೂಟನ್ನು ನೋಡದೆ ಕೊಳ್ಳುವ ಅಪಾಯ ಬಹಳ ಕಡಿಮೆಯಾಗುತ್ತದೆ.

ಅಮೆರಿಕದಿಂದ ಬರುವ ಬಂಧುಗಳ ಕೈಯಲ್ಲಿ ತರಿಸುವುದನ್ನು ನಾನು ಒಪ್ಪುವುದಿಲ್ಲ. ಸರಿಹೋಗದಿದ್ದರೆ ವಾಪಸು ಕೊಡುವ ದಾರಿಯೇ ಇಲ್ಲ. ಅಲ್ಲೇ ನೆಲೆಸಿರುವ ಕನ್ನಡಿಗರ ವಿಷಯ ಬೇರೆ, ಅವರಿಗೆ ಅಗಲದಲ್ಲೂ ಆಯ್ಕೆ ಉಂಟು. ಗಂಡಸರಿಗೆ ಡಿ, ಹೆಂಗಸರಿಗೆ ಬಿ ಮಾಮೂಲು ಅಗಲ. ಗಂಡಸರ ಬೂಟಿನಲ್ಲಿ 2ಇ ಎಂದಿದ್ದರೆ ಅಗಲ ಕಾಲಿಗೆ ಮಾಡಿದ್ದು. ಆರ್‌ಇಐನಂಥ ಅಂಗಡಿಗಳು ಸದಸ್ಯರಿಗೆ ಒಂದು ವರ್ಷದವರೆಗೂ ವಾಪಸಾತಿ ಕೊಡುತ್ತವೆ.

ಇನ್ನೊಂದು ದಾರಿ ಬಹಳ ಮಂದಿಗೆ ಹೊಳೆಯುವುದಿಲ್ಲ: ಬಾಡಿಗೆ. ಜೀವನದಲ್ಲಿ ಒಂದೋ ಎರಡೋ ಸಲ ಹಿಮಾಲಯಕ್ಕೆ ಹೋಗುವವರು ಹಿಮದ ಬೂಟಿಗೆ ಹತ್ತು ಹದಿನೈದು ಸಾವಿರ ಸುರಿಯಬೇಕಿಲ್ಲ. ಮನಾಲಿ, ಕೇದಾರಕಂಠದ ಚಾರಣ ಶುರುವಾಗುವ ಸಾಂಕ್ರಿಯಂಥ ಕಡೆ ಬಾಡಿಗೆಗೆ ಸಿಗುತ್ತವೆ, ಅಲ್ಲೇ ಹಾಕಿ ನೋಡಬಹುದು. ಬೇರೆಯವರ ಕಾಲಿಗೆ ಒಗ್ಗಿದ ಬೂಟು ನಿಮ್ಮ ಕಾಲಿಗೆ ಪೂರ್ತಿ ಹೊಂದದು, ತೀರಾ ದೊಡ್ಡ ಅಥವಾ ತೀರಾ ಚಿಕ್ಕ ಕಾಲಿನವರಿಗೆ ನಂಬರು ಸಿಗದೆಯೂ ಹೋಗಬಹುದು.

ಪೆಟ್ಟಿಗೆ ಬಂದ ಮೇಲೆ

ಟ್ಯಾಗು ಕೀಳಬೇಡಿ, ಪೆಟ್ಟಿಗೆ ಬಿಸಾಡಬೇಡಿ, ಹೊರಗೆ ಕಾಲಿಡಬೇಡಿ. ಸೋಲಿಗೆ ಮಣ್ಣು ತಾಗಿದರೆ ವಾಪಸು ತೆಗೆದುಕೊಳ್ಳುವುದಿಲ್ಲ. ತೆರೆಯುವಾಗ ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ.

ಮೊದಲು ಇನ್‌ಸೋಲ್ ಹೊರಗೆ ತೆಗೆದು ಅದರ ಮೇಲೆ ನಿಲ್ಲಿ. ಪಾದ ಪಕ್ಕದಲ್ಲಿ ಹೊರಚಾಚಿದರೆ ಬೂಟು ಕಿರಿದು, ಬೆರಳ ಮುಂದೆ ಹೆಬ್ಬೆರಳ ಅಗಲದ ಜಾಗ ಉಳಿಯದಿದ್ದರೆ ಗಿಡ್ಡ. ಆಮೇಲೆ ಲೇಸು ಸಡಿಲ ಬಿಟ್ಟು ಕಾಲನ್ನು ಮುಂದಕ್ಕೆ ತಳ್ಳಿ, ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗಬೇಕು. ಎರಡು ಹೋದರೆ ದೊಡ್ಡದಾಯಿತು. ನೆಲಕ್ಕೆ ಹಳೆಯ ಬೆಡ್‌ಶೀಟು ಹಾಸಿ, ಸಂಜೆ ಹೊತ್ತು ದಪ್ಪ ಕಾಲುಚೀಲದೊಂದಿಗೆ ಒಂದು ಗಂಟೆ ಮನೆಯೊಳಗೇ ಓಡಾಡಿ. ಮಹಡಿಯ ಮೆಟ್ಟಿಲಿದ್ದರೆ ಇನ್ನೂ ಒಳ್ಳೆಯದು, ಗುಡಿಸಿ ಒರೆಸಿ ಹತ್ತಿಪ್ಪತ್ತು ಸಲ ಇಳಿಯಿರಿ. ಇಳಿಯುವಾಗ ಬೆರಳು ತುದಿಗೆ ತಾಗಿದರೆ ಯೋಚನೆಯೇ ಬೇಡ, ವಾಪಸು. ಹತ್ತುವಾಗ ಹಿಮ್ಮಡಿ ಕೂದಲೆಳೆಯಷ್ಟು ಎದ್ದರೆ ಗಾಬರಿಯಾಗಬೇಡಿ, ಹೊಸ ಗಡಸು ಬೂಟಿನಲ್ಲಿ ಅದು ಸಹಜ. ಮೇಲಿನ ಎರಡು ಕೊಂಡಿಗಳಲ್ಲಿ ಲೇಸನ್ನು ಬಿಗಿಯಾಗಿ ಎಳೆದು ಎರಡು ಸುತ್ತು ಹಾಕಿ ಕಟ್ಟಿ ಮತ್ತೆ ನೋಡಿ. ಆಗಲೂ ಎದ್ದರೆ ಇಟ್ಟುಕೊಳ್ಳಬೇಡಿ.

ರಿಯಾಯಿತಿಯಲ್ಲಿ ಕೊಂಡಿದ್ದರೆ ತಯಾರಾದ ತಿಂಗಳು, ವರ್ಷ ನೋಡುವುದನ್ನು ಮರೆಯಬೇಡಿ. ಪೆಟ್ಟಿಗೆಯ ಚೀಟಿಯಲ್ಲಿ ಅದು ಇರಲೇಬೇಕು. ಬಹಳಷ್ಟು ಬೂಟುಗಳಲ್ಲಿ ಸೋಲಿನ ಒಳಪದರ ಪಾಲಿಯುರೆಥೇನ್ ಎಂಬ ವಸ್ತುವಿನದು. ಹಾಕದೇ ಇಟ್ಟರೂ ಗಾಳಿಯ ತೇವಕ್ಕೆ ಅದು ವರ್ಷಗಳಲ್ಲಿ ಶಿಥಿಲವಾಗುತ್ತದೆ, ಒಂದು ದಿನ ದಾರಿ ಮಧ್ಯೆ ಸೋಲು ಪುಡಿಯಾಗಿ ಕಳಚಿಬೀಳುತ್ತದೆ. ಕರಾವಳಿ, ಮಲೆನಾಡಿನ ತೇವದಲ್ಲಿ ಇದು ಇನ್ನೂ ಬೇಗ. ನಾಲ್ಕೈದು ವರ್ಷ ಗೋದಾಮಿನಲ್ಲಿ ಕೂತ ಬೂಟು ಅರ್ಧ ಬೆಲೆಗೆ ಸಿಕ್ಕರೂ ಬೇಡ.

ಹಾಗಾದರೆ ನೀವು?

ಎರಡು ಸಾವಿರದೊಳಗೆ ಮುಗಿಸಬೇಕೆಂಬ ವಿದ್ಯಾರ್ಥಿಗಳು ಹಗುರ ಟ್ರೇಲ್ ಶೂ ತೆಗೆದುಕೊಳ್ಳಿ, ಅಂಗಡಿಯೂ ಇರುವ ಕಂಪನಿಯಿಂದ. ಆ ಬೆಲೆಗೆ ಎತ್ತರದ, ನೀರು ತಡೆಯುವ ಬೂಟು ಎಂದು ಜಾಹೀರಾತು ಕಂಡರೆ ದೂರವಿರಿ, ಆ ದುಡ್ಡಿಗೆ ಎಲ್ಲವನ್ನೂ ಒಟ್ಟಿಗೆ ಚೆನ್ನಾಗಿ ಮಾಡಲಾಗದು. ಪಶ್ಚಿಮ ಘಟ್ಟಕ್ಕೆ ವರ್ಷಕ್ಕೆ ಹಲವು ಸಲ ಹೋಗುವವರಿಗೆ ಮೂರರಿಂದ ಏಳು ಸಾವಿರದ ನಡುವಿನ, ಪೊರೆಯಿಲ್ಲದ, ಒಳ್ಳೆಯ ರಬ್ಬರಿನ ಶೂ ಸರಿ. ಹಿಮಾಲಯದ ಯೋಜನೆ ಇದ್ದು ಮುಂದೆಯೂ ಹೋಗುವವರಾದರೆ ಪೊರೆಯಿರುವ ಮಧ್ಯಮ ಎತ್ತರದ ಬೂಟನ್ನು ಕಂಪನಿಯ ಸೈಟಿನಿಂದ ತರಿಸಿ. ಕೈಯಲ್ಲಿ ಹಣ ಓಡಾಡುವಂತಿದ್ದರೆ ಅಕ್ಕಪಕ್ಕದ ಎರಡು ನಂಬರುಗಳನ್ನೂ ಒಟ್ಟಿಗೆ ತರಿಸಿ, ಒಂದು ಕಾಲಿಗೆ ಒಂದನ್ನು, ಇನ್ನೊಂದಕ್ಕೆ ಇನ್ನೊಂದನ್ನು ಹಾಕಿ ನೋಡಿ, ಸರಿಹೊಂದಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಕಳಿಸಿಬಿಡಿ. ಸಮಯ ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ನಿಮ್ಮ ನಂಬರುಗಳಲ್ಲಿ ಇಲ್ಲಿ ಆಯ್ಕೆ ಕಡಿಮೆ, ಅದರಲ್ಲೂ ನಾಲ್ಕು, ಐದು ನಂಬರಿನವರಿಗೆ. ಹೆಂಗಸರ ಅಚ್ಚಿನಲ್ಲಿ ಹಿಮ್ಮಡಿ ಕಿರಿದಾಗಿರುತ್ತದೆ, ಬಹುತೇಕರಿಗೆ ಅದೇ ಸರಿ. ಮುಂಗಾಲು ಅಗಲವಿದ್ದು ಆರು, ಏಳು ನಂಬರು ಹಾಕುವವರು ಗಂಡಸರ ಅಚ್ಚಿನದನ್ನೂ ನೋಡಬಹುದು, ಹಿಮ್ಮಡಿ ಎದ್ದೇಳದಿದ್ದರೆ ಅಡ್ಡಿಯಿಲ್ಲ.

ಚಾರಣಕ್ಕೆ ಆರು ವಾರ ಮೊದಲೇ ಆರ್ಡರ್ ಮಾಡಿ. ಬದಲಿಸಬೇಕಾದರೆ ಎರಡು ವಾರ ಅದಕ್ಕೇ ಹೋಗುತ್ತದೆ, ಉಳಿದ ವಾರಗಳಲ್ಲಿ ತೋಟಕ್ಕೋ ಸಂತೆಗೋ ಅದನ್ನೇ ಹಾಕಿಕೊಂಡು ಹೋಗಿ ಪಳಗಿಸಿಕೊಳ್ಳಬಹುದು. ಒಪ್ಪಿಕೊಂಡ ಷರತ್ತಿನಂತೆ ಮಾರಾಟಗಾರರು ವಾಪಸು ತೆಗೆದುಕೊಳ್ಳದಿದ್ದರೆ ಸುಮ್ಮನಾಗಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಸೈಟಿನಲ್ಲೂ ದೂರು ಕೇಳುವ ಅಧಿಕಾರಿಯ ಹೆಸರು, ಸಂಪರ್ಕ ಇರಬೇಕು, ಮೊದಲು ಅವರಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆರ್ಡರ್ ಮಾಡಿದ ದಿನದ ವಾಪಸಾತಿ ಷರತ್ತಿನ ಸ್ಕ್ರೀನ್‌ಶಾಟ್, ತೆರೆದಾಗಿನ ವಿಡಿಯೋ, ಬಿಲ್ಲು ಮೂರನ್ನೂ ಎದುರಿಗೆ ಇಟ್ಟುಕೊಂಡಿರಿ.